ಕಮಲಾಪುರದ ಕಪ್ಪು ಗರುಡ

ವಿಠ್ಠಲರಾಯರು ಹಾರಿಹೋಗುತ್ತಿದ್ದ ಹೆಲಿಕಾಪ್ಟರಿನ ಬಾಲವನ್ನು ಬಲಗೈಯಿಂದ ಹಿಡಿದು ನಿಲ್ಲಿಸಿದರು. ಎಡಗೈಯಲ್ಲಿದ್ದ ಚಹಾದ ಕಪ್ಪಿನಿಂದ ಒಂದು ಹನಿಯೂ ಚೆಲ್ಲಲಿಲ್ಲ. ಪೈಲಟ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ರಾಯರ, ಬಿಡ್ರೀ ಸಾಕು, ಸುಮ್ನ ಎಣ್ಣಿ ಸುಡ್ಲಾಕತ್ತದ" ಎಂದು ಕೈಮುಗಿದ ಮೇಲೆಯೇ ಅವರು ಬಾಲ ಬಿಟ್ಟದ್ದು.

ಈ ಸಂಗತಿಯನ್ನು ಕಲಬುರಗಿಯ ಸ್ಟೇಶನ್ ಬಜಾರದಲ್ಲಿ, ಶಹಬಾಜನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು, ಸ್ವತಃ ವಿಠ್ಠಲರಾಯರೇ ಹೇಳಿದರು. ಹೇಳಿದ ಧಾಟಿಗೆ ಕೇಳುಗರ ಬಿಸ್ಕೀಟುಗಳು ಚಹಾದಲ್ಲಿ ಮುರಿದುಬಿದ್ದವು, ಆಟೋಗಳು ಮೀಟರ್ ಮರೆತವು, ಸೋಲಾಪುರದ ಕಡೆಗೆ ಹೊರಟಿದ್ದ ರೈಲೊಂದು ನಿಂತೇಬಿಟ್ಟಿತು. ಸ್ಟೇಶನ್ನಿನಲ್ಲಿ ರೈಲು ನಿಲ್ಲದೆ ಮತ್ತೇನು ಮಾಡುತ್ತದೆ ಎಂದು ಕೇಳುವವರು ದಯವಿಟ್ಟು ಬೇರೆ ಕಥೆ ಓದಬೇಕು.

ವಿಠ್ಠಲರಾಯರು ನಂದೂರಿನ ಒಂದು ಬೇಳೆ ಮಿಲ್ಲಿನಲ್ಲಿ ಗುಮಾಸ್ತರು. ಮೀಸೆ ದಟ್ಟ, ತಲೆ ತೆಳು, ಹೊಟ್ಟೆ ಎರಡಕ್ಕೂ ಮುಂದೆ. ಹೋದ ಚಳಿಗಾಲದಲ್ಲಿ 'ಮಿಷನ್ ಗೂಢಗರುಡ' ಎಂಬ ಗೂಢಚಾರರ ಧಾರಾವಾಹಿಯವರು ಕಲಬುರಗಿಯ ಕೋಟೆಗೆ ಶೂಟಿಂಗಿಗೆ ಬಂದಿದ್ದರು. ಅದರ ಎರಡನೆಯ ಸೀಸನ್ ಬರುವ ರವಿವಾರ ಸಂಜೆ ಶುರು. ಟಿವಿಯಲ್ಲಿ ದಿನವಿಡೀ ಅದರದೇ ಜಾಹೀರಾತು: ಮೈತುಂಬ ಕಪ್ಪು ಬಟ್ಟೆ, ಮುಖಕ್ಕೆ ಕಪ್ಪು ಮುಖವಾಡ, ಕೋಟೆಯ ಬುರುಜಿನಿಂದ ಹೆಲಿಕಾಪ್ಟರಿಗೆ ಜಿಗಿಯುವ ಒಬ್ಬ ಗೂಢಚಾರ. ಹೆಸರು ಕಪ್ಪು ಗರುಡ. ಅವನು ಯಾರೆಂದು ದೇಶಕ್ಕೇ ಗೊತ್ತಿಲ್ಲ.

ಗೊತ್ತಿಲ್ಲದ್ದನ್ನು ತಿಳಿಸುವುದು ವಿಠ್ಠಲರಾಯರ ಸ್ವಭಾವ. "ಆ ಗರುಡ ನಾನs" ಎಂದುಬಿಟ್ಟರು.

"ಕ್ಯಾ ಬೋಲ್ತೇ ರಾವ್‌ಸಾಬ್!" ಎಂದ ಶಹಬಾಜ್, ಸೋಸುವ ಬಟ್ಟೆ ಹಿಡಿದ ಕೈ ಗಾಳಿಯಲ್ಲೇ ನಿಲ್ಲಿಸಿ. "ಅವ ಬಳ್ಳಿ ಹಂಗ ಅದಾನ. ನಿಮ್ಮ ಈ ಹೊಟ್ಟಿ ಎಲ್ಲಿ ಇಟ್ಟಿದ್ರಿ?"

"ಕ್ಯಾಮೆರಾದಾಗ ಹೊಟ್ಟಿ ಒಳಗ ಹೋಗ್ತದೋ ಶಹಬಾಜ್. ಅದಕ್ಕs ಅಷ್ಟು ದೊಡ್ಡ ಲೆನ್ಸ್ ತಂದಿರ್ತಾರ."

ಮುಖವಾಡದ ಲಾಭವೇ ಅದು. ಹೌದೆಂದು ತೋರಿಸುವ ತ್ರಾಸಿಲ್ಲ, ಅಲ್ಲವೆಂದು ಸಾಧಿಸುವ ದಾರಿಯಿಲ್ಲ.

ಆದರೆ ರಾಯರು ಇಷ್ಟು ದೊಡ್ಡ ಹಕ್ಕಿಯನ್ನು ಹಾರಿಸಿದ್ದು ಶಹಬಾಜನ ಚಹಾಕ್ಕಾಗಿ ಅಲ್ಲ, ಒಂದು ಮಣೆಗಾಗಿ. ಕಮಲಾಪುರದಲ್ಲಿ ಅವರ ಅತ್ತೆ ಇಂದೂಬಾಯಿಯವರ ಮನೆಯಲ್ಲಿ ಬೆಳ್ಳಿ ಹೂವು ಕೂರಿಸಿದ ಒಂದು ಮಣೆ ಇದೆ. ಅಧಿಕ ಮಾಸ ಬಂದಾಗ ಅಳಿಯನನ್ನು ಕರೆಸಿ, ಮಣೆಯ ಮೇಲೆ ಕೂರಿಸಿ, ದೀಪ ಹಚ್ಚಿದ ತಟ್ಟೆಯಲ್ಲಿ ಮೂವತ್ತಮೂರು ಅನಾರಸದ ಕಜ್ಜಾಯ ಇಟ್ಟು ವಾಣವೆಂಬ ಬಾಗಿನ ಕೊಡುವುದು ಆ ಮನೆತನದ ಪದ್ಧತಿ. ಅಳಿಯಂದಿರು ಇಬ್ಬರು, ಬೆಳ್ಳಿ ಮಣೆ ಒಂದೇ. ಹಿರಿಯ ಅಳಿಯ ವಿಠ್ಠಲರಾಯರು. ಆದರೆ ಕಿರಿಯ ಅಳಿಯ ಕೌಸ್ತುಭ ಬೀದರಿನ ಕಾಲೇಜಿನಲ್ಲಿ ಪ್ರೊಫೆಸರ್. ಕಳೆದ ಅಧಿಕ ಮಾಸದಲ್ಲಿ ಬೆಳ್ಳಿ ಮಣೆ ಪ್ರೊಫೆಸರರ ಕೆಳಗೆ ಹೋಯಿತು. ಗುಮಾಸ್ತರಿಗೆ ಬಂದದ್ದು ಕುಂಟುಕಾಲಿನ ಕಟ್ಟಿಗೆಯ ಮಣೆ. ಅನಾರಸ ತಿನ್ನುವಷ್ಟು ಹೊತ್ತೂ ರಾಯರು ದೋಣಿಯಲ್ಲಿ ಕುಳಿತವರಂತೆ ತೂಗಿದರು.

ಈಗ ಮತ್ತೆ ಅಧಿಕ ಮಾಸ. ವಾಣದ ದಿನವೂ ಬರುವ ರವಿವಾರವೇ.

ಗರುಡನ ಸುದ್ದಿಯನ್ನು ರಾಯರು ಹೆಂಡತಿ ಶುಭದಾಗೆ ಗುಟ್ಟೆಂದು ಹೇಳಿದರು. ಶುಭದಾ ಅದನ್ನು ಗುಟ್ಟಾಗಿಯೇ ತಾಯಿಗೆ ಫೋನ್ ಮಾಡಿ ಹೇಳಿದಳು. ಇಂದೂಬಾಯಿ ಗುಟ್ಟಾಗಿಯೇ ಪಕ್ಕದ ಮನೆಯ ಸಾಬಮ್ಮನಿಗೆ ಹೇಳಿದರು. ಸಾಬಮ್ಮ ಮಾತ್ರ ಪ್ರಾಮಾಣಿಕಳು. ಗುಟ್ಟು ಗಿಟ್ಟು ಎನ್ನದೆ ನೇರವಾಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳಿದಳು.

ರವಿವಾರ ಮಧ್ಯಾಹ್ನ ಕಮಲಾಪುರದ ಬಸ್ಸಿನಲ್ಲಿ ರಾಯರು ಕಿಟಕಿಯ ಪಕ್ಕ ಗೂಢಚಾರರ ಹಾಗೆ ಕಣ್ಣು ಕಿರಿದು ಮಾಡಿ ಕುಳಿತಿದ್ದರು. ಶುಭದಾ ಮೊಬೈಲಿನಲ್ಲಿ ಹೊಸ ಜಾಹೀರಾತು ನೋಡುತ್ತಿದ್ದವಳು ಒಮ್ಮೆಲೇ ಗಂಡನ ತೊಡೆಗೆ ಬಾರಿಸಿದಳು.

"ಇಲ್ಲಿ ನೋಡ್ರೀ! ಇವತ್ತಿನ ಮೊದಲ್ನೇ ಕಂತಿನಾಗs ಗರುಡನ ಮುಖವಾಡ ತೆಗೀತಾರಂತ! ನಿಮ್ಮ ಮಾರಿ ಇಡೀ ದೇಶಕ್ಕ ಕಾಣಸ್ತದ! ನೀವು ಹೇಳೇ ಇಲ್ಲಲ್ಲ?"

ರಾಯರು ಜಾಹೀರಾತನ್ನು ಕೊನೆಯವರೆಗೆ ಎಂದೂ ನೋಡಿರಲಿಲ್ಲ. ಜಿಗಿತದವರೆಗೆ ನೋಡಿ, ಜಿಗಿತವನ್ನು ತಮ್ಮ ಹೆಸರಿಗೆ ಹಚ್ಚಿಕೊಂಡು ಎದ್ದುಬಿಟ್ಟಿದ್ದರು.

"ತೆಗ್ಯಾಂಗಿಲ್ಲ," ಎಂದರು. "ಸುಮ್ನ ಹಂಗ ಅಂತಾರ. ಶುಭದಾ, ಹೊಟ್ಯಾಗ ಏನೋ ಸಂಕಟ ಆಗ್ಲಾಕತ್ತದ. ಇಳಿದು ವಾಪಸ್ ಹೋಗಾಮೇನು?"

"ಅದು ಸಂಕಟ ಅಲ್ರೀ, ಖುಷಿ. ಅಭ್ಯಾಸ ಇಲ್ಲ ನಿಮಗ, ಅದಕ್ಕ ಹಂಗ ಆಗ್ತದ."

ಕಮಲಾಪುರದಲ್ಲಿ ಇಳಿದ ಕೂಡಲೇ ಅವರ ಮುಂದೆ ಆಕಾಶದಷ್ಟು ದೊಡ್ಡ ಬ್ಯಾನರ್ ನಿಂತಿತ್ತು. ಕೆಂಪು ಬಾಳೆಯ ತೋಟದ ಅಂಬಣ್ಣ ಹಾಕಿಸಿದ್ದು. 'ಕಮಲಾಪುರದ ಹೆಮ್ಮೆಯ ಅಳಿಯನಿಗೆ ಹಾರ್ದಿಕ ಸ್ವಾಗತ.' ಮೈ ಗರುಡನದು, ಕೈಯಲ್ಲಿ ಬಂದೂಕು. ತಲೆ ಮಾತ್ರ ರಾಯರ ಪಾಸ್‌ಪೋರ್ಟ್ ಫೋಟೋದಿಂದ ತೆಗೆದದ್ದು. ಆದರೆ ಗರುಡನೆಂದು ಗುರುತು ಸಿಗಲೆಂದು ಅದರ ಮೇಲೆ ಮತ್ತೆ ಮುಖವಾಡ ಬರೆಸಿದ್ದರು. ಯಾರೆಂದೇ ಗೊತ್ತಾಗದ ಮನುಷ್ಯನಿಗೆ ಸ್ವಾಗತ ಕೋರಿದ ಬ್ಯಾನರ್ ಭೂಮಂಡಲದಲ್ಲಿ ಅದೊಂದೇ. ಕೆಳಗೆ ಶುಭ ಕೋರುವವರ ಸಾಲು. ಎಲ್ಲರ ಮುಖವೂ ಸ್ವಚ್ಛವಾಗಿ ಕಾಣುತ್ತಿತ್ತು.

ಬ್ಯಾನರಿನ ಕೆಳಗೆ ಹವಾಲ್ದಾರ ದೇವೀಂದ್ರಪ್ಪ ತಲೆ ಮೇಲೆತ್ತಿ ನಿಂತಿದ್ದ. ಸೆಲ್ಯೂಟ್ ಹೊಡೆಯುವುದೋ ಬೇಡವೋ ಎಂದು ಕೈಯನ್ನು ಕಿವಿಯವರೆಗೆ ತಂದು ಅಲ್ಲೇ ಕೆರೆದುಕೊಂಡ.

"ಸಾಹೇಬ್ರ, ಆ ಬಂದೂಕಕ್ಕ ಲೈಸನ್ಸ್ ಅದ ಏನ್ರೀ?"

"ಅದು ಸೀರಿಯಲ್‌ದು ಹವಾಲ್ದಾರ್ರ. ಸುಳ್ಳು ಬಂದೂಕ."

ದೇವೀಂದ್ರಪ್ಪ ಆಚೀಚೆ ನೋಡಿ ಕಿವಿಯ ಹತ್ತಿರ ಬಂದ. "ಹಂಗs ಹೇಳ್ಬೇಕು ನೀವು. ನಮಗೂ ತಿಳೀತದ. ಖರೇ ಗೂಢಚಾರ ಇದ್ದಾಂವ ಬೇಳೆ ಮಿಲ್‌ನಾಗs ಇರ್ತಾನ, ಯಾರಿಗೂ ಡೌಟ್ ಬರಬಾರದಂತ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ರೀ."

ಈಗ ಸೆಲ್ಯೂಟ್ ಪೂರ್ತಿ ಹೊಡೆದ. ಧಾರಾವಾಹಿಯ ಗೂಢಚಾರರಾಗಿ ಬಸ್ಸಿಳಿದ ರಾಯರು ಬ್ಯಾನರ್ ದಾಟುವಷ್ಟರಲ್ಲಿ ಭಾರತ ಸರಕಾರದ ಗೂಢಚಾರರಾಗಿದ್ದರು. ಬಡ್ತಿ ಇಷ್ಟು ಬೇಗ ಮಿಲ್ಲಿನಲ್ಲಿ ಎಂದೂ ಸಿಕ್ಕಿರಲಿಲ್ಲ.

ಅಂಬಣ್ಣ ಎದುರಿಗೇ ಬಂದು ರಾಯರ ಬಲಗೈಯನ್ನು ಒತ್ತಿ ನೋಡಿದ. "ಇದs ಅಲ್ರೀ ಹೆಲಿಕಾಪ್ಟರ್ ಹಿಡ್ದ ಕೈ? ಮೆತ್ತಗs ಅದಲ್ರೀ ರಾಯರ!"

"ಶೂಟಿಂಗ್ ಇಲ್ಲದಾಗ ಮೆತ್ತಗ ಇಟ್ಟಿರ್ತೀವಿ."

"ಮುಂದಿನ ಸಲ ಟಿವಿಯವರು ಕೇಳಿದ್ರ, ಕಮಲಾಪುರದ ಕೆಂಪು ಬಾಳೀಹಣ್ಣು ತಿಂದು ಶಕ್ತಿ ಬಂತು ಅನ್ರಿ. ಇಷ್ಟು ಮಾಡ್ರಿ ಊರಿಗೆ."

ಅತ್ತೆಯ ಮನೆಯಂಗಳದಲ್ಲಿ ಪೆಂಡಾಲು, ಗೋಡೆಯಷ್ಟಗಲದ ಟಿವಿ, ನೆರೆದ ಓಣಿ. ಮತ್ತು ಎಲ್ಲರಿಗಿಂತ ಮುಂದೆ, ಟಿವಿಯ ಎದುರಿಗೆ, ಬೆಳ್ಳಿ ಹೂವಿನ ಮಣೆ. ಇಂದೂಬಾಯಿ ತಾವೇ ಸೆರಗಿನಿಂದ ಅದನ್ನು ಒರೆಸಿದರು.

"ಕೂಡ್ರಿ ವಿಠ್ಠಲರಾವ್. ಮೊದಲು ನಿಮ್ಮ ಪಾರ್ಟು ನೋಡೋಣು, ಆಮ್ಯಾಲ ವಾಣ ಕೊಡ್ತೀನಿ. ಕೌಸ್ತುಭ, ನೀ ಆ ಮಣೀ ಮ್ಯಾಲ ಕೂಡಪ್ಪ."

ಕೌಸ್ತುಭ ಕುಂಟು ಮಣೆಯ ಮೇಲೆ ಕುಳಿತು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿದ. ರಾಯರು ಬೆಳ್ಳಿ ಮಣೆಯ ಮೇಲೆ ಕುಳಿತರು. ಆಹಾ, ಇಂದ್ರನ ಸಿಂಹಾಸನವೂ ಅಷ್ಟು ತಂಪಾಗಿರಲಿಕ್ಕಿಲ್ಲ. ಆದರೆ ಇಂದ್ರನಿಗೆ ಇನ್ನು ಸ್ವಲ್ಪ ಹೊತ್ತಿಗೆ ಮುಖವಾಡ ಕಳಚುವ ಭಯ ಇರಲಿಲ್ಲ. ಮಣೆಯಿಂದ ಎಬ್ಬಿಸಿದರೆ ಈ ಜನ್ಮದಲ್ಲಿ ಮತ್ತೆ ಕೂರಿಸುವವರಿಲ್ಲ ಎಂದು ರಾಯರಿಗೆ ಚೆನ್ನಾಗಿ ತಿಳಿದಿತ್ತು.

"ಅಲ್ರೀ ವಿಠ್ಠಲರಾವ್ರ," ಎಂದ ಕೌಸ್ತುಭ ತೂಗುತ್ತಲೇ, "ಹಾರೋ ಹೆಲಿಕಾಪ್ಟರಿನ ಎಳೆತ ನಿಮ್ಮ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರ್ತದ. ವಿಜ್ಞಾನದ ಪ್ರಕಾರ..."

"ವಿಜ್ಞಾನ ಶೂಟಿಂಗ್ ದಿನ ರಜಾದ ಮ್ಯಾಲ ಇತ್ತು ಕೌಸ್ತುಭರಾವ್," ಎಂದರು ರಾಯರು. ಜನ ಚಪ್ಪಾಳೆ ಹೊಡೆದರು.

ರಾಯರು ಮನಸ್ಸಿನಲ್ಲಿ ಮೂವತ್ತಮೂರು ಕೋಟಿ ದೇವರಿಗೂ ಒಂದೇ ಅರ್ಜಿ ಹಾಕಿದರು: ಕರೆಂಟು ಹೋಗಲಿ. ದೇವರು ಕೇಳಿದ. ಶೀರ್ಷಿಕೆ ಮುಗಿಯುತ್ತಲೇ ಗಾಳಿ ಬೀಸಿ ಓಣಿಯ ಕರೆಂಟು ಹೋಯಿತು. ರಾಯರು, "ಅಯ್ಯೋ, ಏನ್ ಮಾಡೋದು, ನಮ್ಮ ನಸೀಬ" ಎಂದು ಏಳುವಷ್ಟರಲ್ಲಿ ಪೆಂಡಾಲಿನ ಹಿಂದೆ ಅಂಬಣ್ಣನ ಜನರೇಟರ್ ಗುಡುಗಿತು.

"ಕೂಡ್ರಿ ರಾಯರ!" ಎಂದು ಅಂಬಣ್ಣ ಕೂಗಿದ. "ನಿಮ್ಮ ಮಾರಿ ನೋಡಲಾರದ ಬಿಡೋ ಮಂದಿ ಅಲ್ಲ ನಾವು!"

ಧಾರಾವಾಹಿ ಓಡಿತು. ಸೇತುವೆ ಸಿಡಿಯಿತು, ಜೀಪು ಹಾರಿತು, ಗರುಡ ಬುರುಜಿನಿಂದ ಜಿಗಿದ. ಒಂದೊಂದು ಜಿಗಿತಕ್ಕೂ ಓಣಿ ಶಿಳ್ಳೆ ಹಾಕಿತು. ಮಾವನವರಿಗೆ ಕಿವಿ ಮಂದ. ಟಿವಿಯ ಮುಂದೆ ಜನ ನೆರೆದರೆ ಅದು ಕ್ರಿಕೆಟ್ಟೇ ಎಂದು ನಂಬಿದವರು. ಪ್ರತಿ ಸ್ಫೋಟಕ್ಕೂ "ಸಿಕ್ಸರ್!" ಎನ್ನುತ್ತಿದ್ದರು.

ಕೊನೆಗೆ ಶತ್ರುಗಳು ಗರುಡನನ್ನು ಹಿಡಿದು ಕಂಬಕ್ಕೆ ಕಟ್ಟಿದರು. ಒಬ್ಬ ಧಡಿಯ ಮುಂದೆ ಬಂದು ಮುಖವಾಡಕ್ಕೆ ಕೈಹಾಕಿದ. ಜಮಖಾನದ ಮೇಲೆ ಸೂಜಿ ಬಿದ್ದರೂ ಬೀದರಿಗೆ ಕೇಳಿಸುವಷ್ಟು ಮೌನ. ಕೌಸ್ತುಭ ತೂಗುವುದನ್ನು ನಿಲ್ಲಿಸಿದ. ರಾಯರು ಕಣ್ಣು ಮುಚ್ಚಿದರು.

ಮುಖವಾಡ ಕಳಚಿತು. ನೀಳವಾದ ಕೂದಲು ಜಲಪಾತದ ಹಾಗೆ ಬೆನ್ನಿನ ಮೇಲೆ ಇಳಿಯಿತು. ದೊಡ್ಡ ಕಣ್ಣು, ತೀಡಿದ ಹುಬ್ಬು, ಗಲ್ಲದ ಮೇಲೊಂದು ಮಚ್ಚೆ. ಕಪ್ಪು ಗರುಡ ಒಬ್ಬ ಹುಡುಗಿ. ಅದೂ ಎಂಥ ಹುಡುಗಿ! ಟಿವಿಯೇ ಒಂದು ಕ್ಷಣ ನಾಚಿ ಮಂಕಾಯಿತು.

ರಾಯರು ಕಣ್ಣು ತೆರೆದು ನೋಡಿ, ಭೂಮಿ ಬಾಯಿಬಿಡುವುದೆಂದು ಮಣೆಯ ಅಂಚು ಹಿಡಿದುಕೊಂಡರು. ಕೌಸ್ತುಭ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಅಂಬಣ್ಣನ ದನಿ ಕೇಳಿತು.

"ಬಾಯಾರ! ನಿಮ್ಮ ಅಳಿಯಾ ಮೀಸಿ ತೆಗೆದ್ರ ಏನ್ ಛಂದ ಕಾಣ್ತಾರ್ರೀ!"

"ಕೂದಲs ನೋಡವ್ವ," ಎಂದಳು ಸಾಬಮ್ಮ. "ಇಲ್ಲಿ ಎಂಟು ಕೂದಲಿಲ್ಲ, ಅಲ್ಲಿ ಮಣಕಾಲ ತನಕ ಬಿಟ್ಟಾರ."

ಕೌಸ್ತುಭ ಎದ್ದು ನಿಂತ. "ಏನ್ರೀ ಇದು! ಅದು ಹೆಣ್ಣುಮಗಳು! ಮುಖವಾಡ ತೆಗದಾಗ ಕೆಳಗ ಆಕೀ ಹೆಸರೂ ಬಂತು!"

ಇಂದೂಬಾಯಿ ಕಿರಿಯ ಅಳಿಯನತ್ತ ತಿರುಗಿದರು. ಅವರ ಕಣ್ಣಲ್ಲಿ ನೀರು ತುಂಬಿತ್ತು.

"ಕೌಸ್ತುಭ, ನೀ ಕೂಡು. ನಮ್ಮಪ್ಪ ಆನಂದತೀರ್ಥ ಮಾಸ್ತರು ಕಂಪನಿ ನಾಟಕದಾಗ ಹೆಣ್ಣು ಪಾರ್ಟು ಮಾಡ್ತಿದ್ದರು. ನಿಜಾಮರ ಕಾಲದ ಅಧಿಕಾರಿಯೊಬ್ಬರು ಅವರನ್ನ ನೋಡಿ ಮದುವಿಗೆ ಕೇಳಿ ಕಳಿಸಿದ್ದರು! ಬೋರ್ಡಿನ ಮ್ಯಾಲೂ 'ಕುಮಾರಿ' ಅಂತs ಬರೀತಿದ್ದರು. ಪ್ರೊಫೆಸರ್ ಆಗಿ ಇಷ್ಟೂ ಗೊತ್ತಿಲ್ಲೇನು ನಿನಗ? ಗಂಡಸು ಹೆಣ್ಣಾಗಿ ನಿಂತ್ರ ಗುರುತು ಸಿಗಬಾರದು. ಅದು ವಿದ್ಯಾ!"

ಓಣಿಯ ಹಿರಿಯರೆಲ್ಲ ತಲೆದೂಗಿದರು. ಮಾಸ್ತರರ ಸೆರಗಿನ ಠೀವಿಯನ್ನು ನೋಡಿದವರು ಇನ್ನೂ ಇಬ್ಬರು ಮೂವರು ಉಳಿದಿದ್ದರು. ನೋಡದವರು ಅವರಿಗಿಂತ ಹೆಚ್ಚು ವಿವರವಾಗಿ ವರ್ಣಿಸಿದರು. ಕೌಸ್ತುಭನ ವಿಜ್ಞಾನ ಮತ್ತೆ ಕುಂಟು ಮಣೆಯ ಮೇಲೆ ಕುಳಿತಿತು.

ರಾಯರಿಗೆ ನಂಬಲಾಗಲಿಲ್ಲ. ಗುಂಡಿ ತಾನಾಗಿ ಮುಚ್ಚಿಕೊಂಡು ಮೇಲೆ ಹೂ ಅರಳಿತ್ತು. "ಎಲ್ಲಾ ನಿಮ್ಮ ಮನಿತನದ ಆಶೀರ್ವಾದ" ಎಂದು ಸಣ್ಣಗೆ ಕೆಮ್ಮಿದರು.

ಅಷ್ಟರಲ್ಲಿ ಟಿವಿಯಲ್ಲಿ ನಾಯಕ ಕಂಬದ ಹಗ್ಗ ಕತ್ತರಿಸಿದ. ಸುಂದರಿ ಸುಸ್ತಾಗಿ ಅವನ ಎದೆಗೆ ಒರಗಿದಳು. ಶುಭದಾ ಹಿಂದಿನಿಂದ ಗಂಡನ ಬೆನ್ನಿಗೆ ಚಿವುಟಿದಳು.

"ಆ ಹೀರೋನ ಎದೀ ಮ್ಯಾಲ ತಲೀ ಇಟ್ಟಾಗ ನಾಚಿಕಿ ಬರ್ಲಿಲ್ಲೇನ್ರೀ ನಿಮಗ? ನನ್ನ ಮುಂದ ಒಂದು ಮಾತೂ ಹೇಳಿಲ್ಲ!"

"ಅಭಿನಯ, ಶುಭದಾ. ಬರೇ ಅಭಿನಯ."

"ಕಣ್ಣು ಮುಚ್ಚಿದ್ದೂ ಅಭಿನಯನಾ?"

ಕಂತು ಮುಗಿಯಿತು. ಓಣಿ ಎದ್ದು ಚಪ್ಪಾಳೆ ತಟ್ಟಿತು. ಇಂದೂಬಾಯಿ ಒಳಗೆ ಹೋಗಿ ವಾಣದ ತಟ್ಟೆ ತಂದರು. ದೀಪವಿತ್ತು, ಅನಾರಸವಿತ್ತು, ಅವುಗಳ ನಡುವೆ ರೇಷ್ಮೆ ಬಟ್ಟೆಯ ಮೇಲೆ ದೊಡ್ಡದೊಂದು ಮುತ್ತಿನ ನತ್ತು.

"ನಮ್ಮಪ್ಪನ ನತ್ತು," ಎಂದರು. "ಪಾರ್ಟಿನಾಗ ಹಾಕ್ಕೊಳ್ತಿದ್ದರು. ಸಾಯೋ ಮುಂದ ನನ್ನ ಕೈಯಾಗ ಕೊಟ್ಟು, 'ಇಂದೂ, ಈ ವಿದ್ಯಾ ಇದ್ದವರು ಮನ್ಯಾಗ ಯಾರರೆ ಬಂದ್ರ ಕೊಡು' ಅಂದಿದ್ದರು. ಇಷ್ಟು ವರ್ಷ ಯಾರೂ ಬರ್ಲಿಲ್ಲ. ವಿಠ್ಠಲರಾವ್, ಇದು ನಿಮ್ಮದು. ಒಮ್ಮೆ ಹಾಕ್ಕೊಂಡು, ಅಪ್ಪನ ಹಂಗ ದೀಪದ ಮುಂದ ಒಂದೆರಡು ಹೆಜ್ಜಿ ನಡದು ತೋರಸ್ರಿ. ನಾ ಕಣ್ಣು ತುಂಬ ನೋಡ್ತೀನಿ."

ರಾಯರು ಎಷ್ಟೋ ಸುಳ್ಳು ಹೇಳಿದವರು. ಆದರೆ ಅವರ ಸುಳ್ಳಿಗೆ ಇದುವರೆಗೆ ಯಾರೂ ಅತ್ತಿರಲಿಲ್ಲ. ಕೈ ಮುಂದೆ ಹೋಗಲಿಲ್ಲ. ಅಂಬಣ್ಣನೇ ಉಮೇದಿನಿಂದ ನತ್ತನ್ನು ಎತ್ತಿ ರಾಯರ ಮೂಗಿಗೆ ಸಿಕ್ಕಿಸಿದ. ಮೀಸೆಯ ಮೇಲೆ ಮುತ್ತುಗಳು ತೂಗಾಡಿದವು. ಜನ, "ನಡೀರಿ, ನಡೀರಿ!" ಎಂದು ಕೂಗಿದರು.

ರಾಯರು ನಡೆದರು. ಹೇಗೆ ನಡೆದರೆಂದು ವರ್ಣಿಸುವ ಶಕ್ತಿ ಈ ಬಡ ಲೇಖನಿಗಿಲ್ಲ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಗಾಳಿಯಲ್ಲಿ, ಹೊಟ್ಟೆ ದಾರಿ ತೋರಿಸುತ್ತ ಮುಂದೆ, ಕಾಲುಗಳು ಸಾಲ ವಸೂಲಿಯವರ ಹಾಗೆ ಹಿಂದೆ. ಎರಡು ಹೆಜ್ಜೆಗೆ ಪೆಂಡಾಲಿನ ಗೂಟ ಎಡವಿದರು.

ಇಂದೂಬಾಯಿಯವರ ಕಣ್ಣಿನ ನೀರು ಇದ್ದಲ್ಲೇ ಆರಿತು. ಟಿವಿಯ ವಿಷಯದಲ್ಲಿ ಅವರಿಗೆ ಯಾರು ಬೇಕಾದರೂ ಮೋಸ ಮಾಡಬಹುದು; ಹೆಣ್ಣು ಪಾರ್ಟಿನ ನಡಿಗೆಯಲ್ಲಿ ಯಾರಿಂದಲೂ ಆಗದು. ನಡಿಗೆ ನೋಡುತ್ತಲೇ ಬೆಳೆದವರು.

"ನಿಂದರ್ರಿ," ಎಂದರು. ಪೆಂಡಾಲು ನಿಂತಿತು, ಜನರೇಟರ್ ಕೂಡ ದನಿ ತಗ್ಗಿಸಿತು. "ಇದು ಪಾರ್ಟಿನವರ ನಡಿಗಿ ಅಲ್ಲ. ಮೂಲವ್ಯಾಧಿ ಆದವರ ನಡಿಗಿ. ವಿಠ್ಠಲರಾವ್, ದೀಪದ ಮುಂದ ಖರೇ ಹೇಳ್ರಿ. ಆ ಹುಡುಗಿ ನೀವು ಹೌದೋ ಅಲ್ಲೋ?"

ಅತ್ತೆಯ ಎದುರು ತಾನು ಹುಡುಗಿಯಲ್ಲ ಎಂದು ಒಪ್ಪಿಕೊಳ್ಳಬೇಕಾಗಿ ಬಂದ ಅಳಿಯ ಚರಿತ್ರೆಯಲ್ಲಿ ಇವರೊಬ್ಬರೇ.

"ಅಲ್ರೀ ಅತ್ತಿಯವರ," ಎಂದರು ರಾಯರು. ನತ್ತನ್ನು ಮೆಲ್ಲಗೆ ತೆಗೆದು ತಟ್ಟೆಯಲ್ಲಿಟ್ಟರು. "ಹುಡುಗೀನೂ ಅಲ್ಲ, ಗರುಡನೂ ಅಲ್ಲ. ಹೆಲಿಕಾಪ್ಟರ್ ಇರಲಿ, ಅವತ್ತು ಅಲ್ಲಿ ಗಾಳಿಪಟಾನೂ ಹಾರಿದ್ದಿಲ್ಲ. ಗೋಡಿ ಕಟ್ಟಲಿಕ್ಕೆ ಖಾಲಿ ಚೀಲಾ ಬೇಕಂತ ಅವರು ಮಿಲ್ಲಿಗೆ ಹೇಳಿ ಕಳಿಸಿದ್ದರು. ನಾ ಚೀಲಾ ಒಯ್ದು ಕೋಟೆ ಬಾಗಿಲಿಗೆ ಕೊಟ್ಟೆ. ವಾಚ್‌ಮನ್ ಒಳಗ ಬಿಡ್ಲಿಲ್ಲ."

"ಮತ್ತ ಇದೆಲ್ಲಾ ಯಾಕ ಹೇಳಿದ್ರಿ?"

ರಾಯರು ಬೆಳ್ಳಿ ಮಣೆಯತ್ತ ಕಣ್ಣು ಹೊರಳಿಸಿದರು. "ಒಮ್ಮೆ ಅದರ ಮ್ಯಾಲ ಕೂಡಬೇಕು ಅನಿಸಿತ್ತುರೀ. ಹಿರೇ ಅಳಿಯಾ ನಾನು."

ಶುಭದಾ ಸೆರಗಿನಲ್ಲಿ ಮುಖ ಮುಚ್ಚಿದಳು. ದೇವೀಂದ್ರಪ್ಪ ಮಾತ್ರ ಹಿಂದಿನಿಂದ ಕಣ್ಣು ಹೊಡೆದ. ಗೂಢಚಾರರು ಸಿಕ್ಕಿಬಿದ್ದಾಗ ಹೀಗೆಯೇ ಹೇಳುತ್ತಾರೆಂದು ಅವನಿಗೆ ತಿಳಿದಿತ್ತು. ಈ ಗಡಿಬಿಡಿಯಲ್ಲಿ ಕೌಸ್ತುಭ ಯಾರಿಗೂ ಕಾಣದಂತೆ ಸರಿದು ಬೆಳ್ಳಿ ಮಣೆಯ ಮೇಲೆ ಕುಳಿತುಬಿಟ್ಟಿದ್ದ.

ಇಂದೂಬಾಯಿ ಕೇಳಿದರು: "ಆ ವಾಚ್‌ಮನ್ ಏನಂದಾ ನಿಮಗ?"

"ಹಟೋ, ದೂರ ಸರಿ ಅಂದಾರೀ."

"ಹ್ಯಾಂಗ ಅಂದಾ?"

ರಾಯರಿಗೆ ಆ ದಿನ ಕಣ್ಣಿಗೆ ಕಟ್ಟಿತು. ಹೆಗಲು ತಾನಾಗಿ ಹಿಂದೆ ಸರಿಯಿತು. ಹೊಟ್ಟೆ ಒಳಗೆ ಹೋಯಿತು, ಯಾವ ಲೆನ್ಸೂ ಇಲ್ಲದೆ. ಕೈಯಲ್ಲಿ ಇಲ್ಲದ ಲಾಠಿಯನ್ನು ನೆಲಕ್ಕೆ ಕುಟ್ಟಿ, ಕಣ್ಣು ಕೆಂಪು ಮಾಡಿ, ಹುಮನಾಬಾದಿನವರೆಗೂ ಕೇಳುವಂತೆ ಗರ್ಜಿಸಿದರು:

"ಏಯ್! ಹಟೋ ಯಹಾಂ ಸೇ!"

ಸಾಬಮ್ಮನ ಕೈಯ ಲೋಟ ಬಿತ್ತು. ಹವಾಲ್ದಾರ ದೇವೀಂದ್ರಪ್ಪ ತಾನೇ ಎರಡು ಹೆಜ್ಜೆ ಹಿಂದೆ ಸರಿದ. ಕೌಸ್ತುಭ ಬೆಳ್ಳಿ ಮಣೆಯಿಂದ ಚಂಗನೆ ಹಾರಿ ಅಂಗಳದಾಚೆ ಹೋಗಿ ನಿಂತ. ಮಾವನವರು ಜನ್ಮದಲ್ಲಿ ಮೊದಲ ಬಾರಿಗೆ ಸ್ವಚ್ಛವಾಗಿ ಕೇಳಿಸಿಕೊಂಡು, "ಔಟಾ?" ಎಂದರು.

ಇಂದೂಬಾಯಿ ತಟ್ಟೆಯಿಂದ ನತ್ತನ್ನು ಎತ್ತಿ ಸೆರಗಿಗೆ ಗಂಟು ಹಾಕಿಕೊಂಡರು. ಅನಾರಸದ ತಟ್ಟೆಯನ್ನು ಹಾಗೆಯೇ ಹಿಡಿದು ಬೆಳ್ಳಿ ಮಣೆಯನ್ನು ಕಾಲಿನಿಂದ ರಾಯರತ್ತ ಸರಿಸಿದರು.

"ಇದು ಪಾರ್ಟು," ಎಂದರು. "ನತ್ತು ಕೊಡಂಗಿಲ್ಲ. ಆದ್ರ ಇದಕ್ಕ ಈ ಮಣೀ ಕೊಡಬಹುದು. ಕೂಡ್ರಿ."

ರಾಯರು ಕೂರಲು ಬಾಗಿದರು. ಅರ್ಧಕ್ಕೆ ನಿಂತರು. ದೀಪ ಇನ್ನೂ ಉರಿಯುತ್ತಿತ್ತು, ಅತ್ತೆ ಇನ್ನೂ ನೋಡುತ್ತಿದ್ದರು.

"ಅತ್ತಿಯವರ," ಎಂದರು ಸಣ್ಣ ದನಿಯಲ್ಲಿ, "ಇನ್ನೊಂದು ಖರೇ ಮಾತು ಉಳದದರೀ. ಆ ವಾಚ್‌ಮನ್ ಅಷ್ಟು ಜೋರಲೆ ಅಂದಿದ್ದಿಲ್ಲ. 'ಜರಾ ಬಾಜೂಕು ಹೋ ಜಾವ್ ಭೈ, ಧೂಪ್ ಮೇ ಕಾಯ್ಕು ಖಡೇ' ಅಂತ ಬಿಸಲಾಗಿಂದ ಕೈಹಿಡಿದು ಬಾಜೂಕ ನೆರಳಿಗೆ ನಿಂದರಿಸಿದ, ಅಷ್ಟs."